ಮಗ್ಗದ ದಿನಗಳ ಸಕ್ಕರೆ

ನನ್ನ ಗಂಡ ಸಿಹಿ ತಿಂದು ಸತ್ತರು ಎಂದು ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಹನ್ನೊಂದನೆಯ ದಿನದ ಊಟದಲ್ಲಿ ಬಡಿಸಿದ ಲಾಡನ್ನು ಮುರಿದು ಬಾಯಿಗಿಟ್ಟುಕೊಳ್ಳುತ್ತಲೇ ಹಾಗೆ ಹೇಳಿದವರಿದ್ದಾರೆ.

"ಬಾಯಿ ಕಟ್ಲಿಲ್ಲ ನೋಡ್ರಿ ಆ ಮನುಷ್ಯ."

"ಆತ ಎಲ್ಲಿ ಕಟ್ಟಿಯಾನು? ಹೆಂಡ್ತೀನೇ ಎದ್ದು ಸಕ್ಕರೆ ಕೊಡ್ತಿದ್ಲಂತೆ."

ನಾನು ಒಳಗಿನ ಕೋಣೆಯ ಬಾಗಿಲಿನ ಹಿಂದೆ ಕೂತಿದ್ದೆ. ಹೊರಗಿನ ಮಾತೆಲ್ಲ ಕೇಳಿಸುತ್ತಿತ್ತು. ಎದ್ದು ಹೋಗಿ ಹೇಳಬೇಕೆನಿಸಿತು. ಅವರು ಸತ್ತದ್ದು ಸಕ್ಕರೆ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಒಂದು ಹಿಡಿ ಸಕ್ಕರೆ ಸಮಯಕ್ಕೆ ಬಾಯಿಗೆ ಬಿದ್ದಿದ್ದರೆ ಇವತ್ತು ಈ ಲಾಡು ನಿಮಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಆಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆಯವರಿಗೆ ಹೇಳಿದ್ದೇನೆ. ಸಕ್ಕರೆ ಕಾಯಿಲೆಯವರು ಸಕ್ಕರೆ ಕಡಿಮೆಯಾಗಿ ಸಾಯುತ್ತಾರೆ ಎಂದರೆ, ನೀರಿನಲ್ಲಿ ಮುಳುಗಿದವನು ಬಾಯಾರಿ ಸತ್ತ ಎಂದಂತೆ ನನ್ನ ಮುಖ ನೋಡುತ್ತಾರೆ. ಪಾಪ, ದುಃಖದಲ್ಲಿ ಏನೋ ಹೇಳ್ತಾಳೆ ಎಂದುಕೊಂಡು ಎದ್ದು ಹೋಗುತ್ತಾರೆ.

ನಮ್ಮದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮನೆಮಾತು ತೆಲುಗು. ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ, ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡದಲ್ಲಿ. ಹಾಗಾಗಿ ಆಡುವಾಗ ಎರಡೂ ಕಲೆಸುತ್ತೇನೆ, ಬರೆಯಲು ಬರುವುದು ಕನ್ನಡ ಮಾತ್ರ. ನನ್ನ ಗಂಡನ ಅಕ್ಕನಿಗೆ ಯಾವುದನ್ನೂ ಓದಲು ಬರುವುದಿಲ್ಲ. ಅದೂ ನಾನು ಇದನ್ನು ಬರೆಯುವುದಕ್ಕೆ ಒಂದು ಕಾರಣ.

ನಮ್ಮ ಸೀರೆಯನ್ನು ಒಬ್ಬರೇ ನೇಯುವುದಕ್ಕಾಗುವುದಿಲ್ಲ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ. ನೇಯುವವರು ಮಗ್ಗದ ಕೆಳಗೆ ತೋಡಿದ ಗುಂಡಿಯಲ್ಲಿ ಕಾಲಿಟ್ಟು ಕೂತು ಲಾಳಿಯನ್ನು ಬಲಕ್ಕೆ ತಳ್ಳಿದರೆ, ಬಲತುದಿಯಲ್ಲಿ ಕೂತವರು ಅದನ್ನು ಹಿಡಿದು, ಅಂಚಿನ ಲಾಳಿಯ ಎಳೆಯ ಜೊತೆ ಕೊಂಡಿ ಹಾಕಿ ಹಿಂದಕ್ಕೆ ಕಳಿಸಬೇಕು. ಗುಂಡಿಯಲ್ಲಿ ಅವರು, ಬಲತುದಿಯಲ್ಲಿ ನಾನು. ಮದುವೆಯಾದ ಮೇಲೆ ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದಕ್ಕಿಂತ ಹಾಗೆ ಓರೆಯಾಗಿ ಕೂತು ಮಾತಾಡಿದ್ದೇ ಹೆಚ್ಚು.

ಕಾಯಿಲೆ ಮೊದಲು ಮಾತ್ರೆಯಲ್ಲಿತ್ತು, ಆಮೇಲೆ ಇನ್ಸುಲಿನ್ ಸೂಜಿಗೆ ಬಂತು. ನನ್ನ ತವರು ಚಳ್ಳಕೆರೆಯಾದ್ದರಿಂದ ಅಲ್ಲಿನ ಒಬ್ಬ ಡಾಕ್ಟರ ಹತ್ತಿರವೇ ತೋರಿಸುತ್ತಿದ್ದೆವು. ಸೂಜಿ ಶುರುವಾದ ದಿನ ಡಾಕ್ಟರು, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಮಗ್ಗ ಸಾರ್."

"ಹಂಗಾದ್ರೆ ಇಡೀ ದಿನ ಕೂತೇ ಇರ್ತೀರಿ."

"ಹೂಂ ಸಾರ್, ಬೆಳಗಿಂದ ಸಂಜೆಗಂಟ."

"ಅದಕ್ಕೇ ಇಷ್ಟು ಏರೈತೆ. ಮೈಗೆ ಕೆಲಸ ಇಲ್ಲ. ದಿನಾ ಬೆಳಿಗ್ಗೆ ಜೋರಾಗಿ ನಡೀರಿ."

ನನ್ನ ಗಂಡ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ನೇಯ್ಗೆಯವರನ್ನು ಯಾರು ಕೇಳಿದರೂ ನಮ್ಮದು ಕೂತು ಮಾಡುವ ಕೆಲಸ ಎಂದೇ ಹೇಳುತ್ತೇವೆ. ಹೊಲದಲ್ಲಿ ಬಗ್ಗುವವರ, ಕುರಿ ಹಿಂದೆ ಅಲೆಯುವವರ ಎದುರು ಅದೊಂದು ನಮ್ಮ ಹೆಚ್ಚುಗಾರಿಕೆ. ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಅದೇ ಹೆಚ್ಚುಗಾರಿಕೆಯನ್ನು ಡಾಕ್ಟರ ಮುಂದೆಯೂ ಹೇಳಿಕೊಂಡು ಬಂದೆವು.

ಇನ್ನೊಂದು ವಿಷಯ ನಮಗೂ ಹೊಳೆಯಲಿಲ್ಲ, ಡಾಕ್ಟರೂ ಕೇಳಲಿಲ್ಲ. ಆ ವಾರ ನಮ್ಮ ಮಗ್ಗ ನಿಂತಿತ್ತು. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿದರೆ, ಹೊಸ ರೇಷ್ಮೆ ಬಂದು, ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವವರೆಗೂ ಗುಂಡಿಗೆ ಇಳಿಯುವ ಕೆಲಸವಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದು ಆ ಬಿಡುವಿನಲ್ಲಿ. ಸೂಜಿಯ ಅಳತೆ ಬರೆದದ್ದು ಆ ಬಿಡುವಿನ ಲೆಕ್ಕಕ್ಕೆ.

ಅವರು ಕ್ಯಾನ್ವಾಸ್ ಬೂಟು ತಂದರು. ಬೆಳಿಗ್ಗೆ ರಾಯದುರ್ಗದ ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆದು ಬರುವಾಗ ಪಕ್ಕದ ಮನೆಯ ಗೆಳೆಯ ಜಗಲಿಯಿಂದಲೇ ಕೂಗುತ್ತಿದ್ದ.

"ಏನ್ಲೇ, ಮಿಲ್ಟ್ರಿಗೆ ಕರೆದವ್ರಾ?"

"ಕರೆದವ್ರೆ ಕಣ್ಲೇ. ನಿನ್ನಂಥ ಹೊಟ್ಟೆಯೋರ್ನ ಕರ್ಕೊಂಡು ಬಾ ಅಂದವ್ರೆ, ಮರಳು ಮೂಟೆ ಬದ್ಲು ಅಡ್ಡ ಇಡಾಕೆ."

ಹೊಸ ಹಾಸು ಬಂತು. ಬೆಳಿಗ್ಗೆ ನಡಿಗೆ, ಸೂಜಿ, ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಆಮೇಲೆ ಮಗ್ಗ. ಹೊತ್ತು ನೆತ್ತಿಗೇರುವ ಮುಂಚೆಯೇ ಲಾಳಿ ನನ್ನ ಕಡೆಗೆ ಸೋತು ಬರತೊಡಗಿತು. ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು.

"ಏನಾಯ್ತು?" ಎಂದೆ.

"ಏನ್ ದಿಟ್ಟಿಸ್ತೀಯ? ಎಳಿ ಎಳೇನ! ಕಣ್ಣು ಕಾಣಲ್ವಾ ನಿಂಗೆ?"

ನನಗೆ ಒಂದು ದಿನವೂ ಗದರಿದವರಲ್ಲ. ಅವರು ಗದರಿದ್ದಕ್ಕಿಂತ, ಗದರಿದ್ದು ಅವರಿಗೇ ಗೊತ್ತಾಗದಂತೆ ಎದುರು ಗೋಡೆ ನೋಡುತ್ತಾ ಕೂತದ್ದಕ್ಕೆ ಹೆದರಿದೆ. ಎಬ್ಬಿಸಿ ಅನ್ನ ತಿನ್ನಿಸಿದ ಮೇಲೆ ಮನುಷ್ಯರಾದರು. ಸೆಕೆ ಎಂದುಕೊಂಡೆವು. ಮತ್ತೆ ಆಯಿತು. ನಿಶ್ಶಕ್ತಿ ಎಂದುಕೊಂಡೆವು. ದೇವಸಮುದ್ರದಿಂದ ಬಂದ ಅವರ ಅಕ್ಕ, ನಾನು ವದಿನಾ ಎಂದು ಕರೆಯುವವರು, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಘಾಟು ಬಂದು ಎಲ್ಲರೂ ಕೆಮ್ಮಿದೆವು, ದೃಷ್ಟಿ ಮಾತ್ರ ಹೋಗಲಿಲ್ಲ.

ಮತ್ತೆ ಚಳ್ಳಕೆರೆಗೆ ಹೋದೆವು. ಡಾಕ್ಟರು ಎಲ್ಲ ಕೇಳಿ, ಪೆನ್ನು ಕೆಳಗಿಟ್ಟು, "ಮಗ್ಗ ಹೆಂಗೆ ನೇಯ್ತೀರಿ, ಮಾಡಿ ತೋರಿಸ್ರಿ" ಎಂದರು. ಇವರಿಗೆ ನಾಚಿಕೆ. ರೋಗಿಗಳು ಮಲಗುವ ಎತ್ತರದ ಮಂಚದ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ತುಳಿಮಣೆ ಒತ್ತುವಂತೆ ಒಂದೊಂದೇ ಕಾಲು ಒತ್ತಿ, ಬಲಗೈಯಲ್ಲಿ ಲಾಳಿ ತಳ್ಳಿ, ಎಡಗೈಯಲ್ಲಿ ಎಳೆ ಬಿಗಿಯುವ ಹಲಗೆ ಎಳೆದು ಬಡಿದು ತೋರಿಸಿದರು. ಮಂಚ ಕಿರುಗುಟ್ಟಿತು. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಹಿಂಗೆ ಎಷ್ಟೊತ್ತು ಮಾಡ್ತೀರಿ?"

"ಊಟದ ಹೊತ್ತು ಬಿಟ್ರೆ ದಿನವೆಲ್ಲ ಸಾರ್."

"ಅಯ್ಯೋ ದೇವ್ರೇ, ಇದು ಕೂತಿರೋ ಕೆಲಸ ಏನ್ರೀ? ಬೆಟ್ಟಕ್ಕೆ ಸೈಕಲ್ ತುಳಿದಂಗೈತೆ! ಇದ್ರ ಮೇಲೆ ನಾನು ಬೇರೆ ನಡೀರಿ ಅಂದಿದೀನಿ."

ಆ ಮನುಷ್ಯ ತನ್ನ ತಪ್ಪನ್ನು ಅಲ್ಲೇ ಒಪ್ಪಿಕೊಂಡರು, ನನಗೆ ಅವರ ಮೇಲೆ ಸಿಟ್ಟಿಲ್ಲ. ಕೂರಿಸಿಕೊಂಡು ವಿವರವಾಗಿ ಹೇಳಿದರು. ಮೈ ದುಡಿಯುವಾಗ ರಕ್ತದ ಸಕ್ಕರೆಯನ್ನು ಮಾಂಸಖಂಡ ಎಳೆದುಕೊಳ್ಳುತ್ತದೆ, ಸೂಜಿಯೂ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ಪಾತಾಳಕ್ಕೆ ಇಳಿಯುತ್ತದೆ. ಮಗ್ಗ ನಡೆಯುವ ದಿನಕ್ಕೆ ಸೂಜಿಯ ಅಳತೆ ಬೇರೆ, ನಿಂತ ದಿನಕ್ಕೆ ಬೇರೆ ಎಂದು ಬರೆದುಕೊಟ್ಟರು. ಮಗ್ಗದ ದಿನ ನಡಿಗೆ ಬೇಡ, ಬಿಡುವಿನ ದಿನಗಳಲ್ಲಿ ಮಾತ್ರ. ಗುಂಡಿಗೆ ಇಳಿಯುವ ಮುಂಚೆ ಬೆರಳಿನ ತುದಿ ಚುಚ್ಚಿ ನೋಡಬೇಕು, ಕಡಿಮೆಯಿದ್ದರೆ ಏನಾದರೂ ತಿಂದೇ ಇಳಿಯಬೇಕು. ನಡುವೆ ಎದ್ದು ಮತ್ತೆ ನೋಡಬೇಕು. ನಡುಕ, ಬೆವರು, ವಿನಾಕಾರಣ ಸಿಟ್ಟು ಬಂದರೆ ಆ ಕ್ಷಣವೇ ಸಕ್ಕರೆ ನೀರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ ನೋಡಿ, ಮೇಲೆ ಬಂದಿದ್ದರೆ ಊಟ. ಕೆಲಸ ನಿಂತ ಮೇಲೂ ಇಳಿಯಬಹುದು, ಎಚ್ಚರ.

"ಸಕ್ಕರೆ ಯಾವಾಗ್ಲೂ ಕೈಗೆ ಸಿಗೋ ಹಂಗಿರ್ಲಿ" ಎಂದರು ಕೊನೆಗೆ.

ಅದೊಂದೇ ನಮ್ಮ ಮನೆಯಲ್ಲಿ ಆಗದ ಮಾತು. ಮಗ್ಗದ ಕೋಣೆಗೆ ತಿನ್ನುವ ಪದಾರ್ಥ ತರುವಂತಿಲ್ಲ. ಅದರಲ್ಲೂ ಸಿಹಿ. ಅವರ ಅಜ್ಜನ ಕಾಲದಿಂದ ಬಂದದ್ದು. ಸಿಹಿಗೆ ಇರುವೆ ಬರುತ್ತದೆ, ಅಂಟುಗೈಯ ಒಂದು ಬೆರಳು ತಾಗಿದರೆ ರೇಷ್ಮೆ ಮಾಸುತ್ತದೆ, ಜರಿ ಮಂಕಾಗುತ್ತದೆ. ರೇಷ್ಮೆ ಕೊಡುವ ಯಜಮಾನರು ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಅಂಥ ಒಂದು ಕಲೆ ಕಂಡರೆ ಮತ್ತೆ ಆ ಮನೆಗೆ ಹಾಸು ಕಳಿಸುವುದಿಲ್ಲ. ಸಕ್ಕರೆಯ ಡಬ್ಬಿಯನ್ನು ಗುಂಡಿಯ ಪಕ್ಕದಲ್ಲಿಡುತ್ತೇನೆ ಎಂದಾಗ ಅವರು ನಾನು ಚಪ್ಪಲಿ ತಂದಿಡುತ್ತೇನೆ ಎಂದಂತೆ ನೋಡಿದರು.

"ಹೊರಗೆ ಇಡು. ಬೇಕಾದ್ರೆ ಎದ್ದು ಹೋಗ್ತೀನಿ."

"ಎದ್ದು ಹೋಗಾಕೆ ಕಾಲು ಬರ್ದಿದ್ರೆ?"

"ನೀನಿದೀಯಲ್ಲ. ಏನ್ ಕಡ್ಮೆ ಡಾಕ್ಟ್ರಮ್ಮ ನೀನು?"

ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು. ಕೆಲವು ಕಾಲ ಎಲ್ಲ ಸರಿಯಾಗಿಯೇ ನಡೆಯಿತು. ನನ್ನ ಕೈಗೆ ಲಾಳಿ ಬರುವ ಬಿರುಸಿನಲ್ಲೇ ನನಗೆ ಅಂದಾಜು ಸಿಗುತ್ತಿತ್ತು. ನಾನು ಎದ್ದು ಹೋಗಿ ಸಕ್ಕರೆ ನೀರು ಕಲೆಸಿ ಬಾಗಿಲ ಹೊರಗೆ ನಿಲ್ಲುತ್ತಿದ್ದೆ, ಅವರು ಗುಂಡಿಯಿಂದ ಮೇಲೆ ಬಂದು ಅಲ್ಲೇ ಕುಡಿದು ಕೈ ತೊಳೆದು ಒಳಗೆ ಹೋಗುತ್ತಿದ್ದರು. ಸಿಟ್ಟು ಬಂದಾಗ, "ನೋಡು, ಇದು ನಾನು ಬೈತಿರೋದಾ, ಸಕ್ಕರೆ ಬೈತಿರೋದಾ?" ಎಂದು ತಾವೇ ಕೇಳುವಷ್ಟು ರೂಢಿಯಾಯಿತು. ಆ ಸೀರೆಗಳಲ್ಲಿ ಎಲ್ಲೂ ತಪ್ಪಿಲ್ಲ. ಯಾರ್ಯಾರೋ ಉಟ್ಟು ಮದುವೆಯಾಗಿದ್ದಾರೆ.

ವದಿನಾ ಮಾತ್ರ ಇದನ್ನು ಒಪ್ಪಲಿಲ್ಲ. ತಾಯಿ ಇಲ್ಲದ ತಮ್ಮನನ್ನು ಸಾಕಿದವರು ಅವರು. ಬಂದಾಗಲೆಲ್ಲ ಲೋಟ ಕಂಡು ಎದೆ ಹಿಡಿದುಕೊಳ್ಳುತ್ತಿದ್ದರು. "ಏಮೇ, ಬೆಂಕಿಗೆ ಎಣ್ಣೆ ಹೊಯ್ದಂಗಲ್ವಾ ಇದು? ಆಸ್ಪತ್ರೆ ಗೋಡೆ ಮ್ಯಾಲೆಲ್ಲ ಸಕ್ಕರೆ ಚಿತ್ರ ಬರೆದು ಗೀಟು ಹಾಕವ್ರೆ, ಕಂಡಿಲ್ವಾ?" ಕಂಡಿದ್ದೆ. ಗೋಡೆಯ ಮೇಲೆ ವ್ಯಾಯಾಮ ಮಾಡಿ ಎಂದು ಬರೆದಿರುತ್ತಾರೆ, ಸಕ್ಕರೆಗೆ ಗೀಟು ಹಾಕಿರುತ್ತಾರೆ. ವ್ಯಾಯಾಮದ ನಡುವೆ ಆ ಗೀಟು ಹಾಕಿದ ಸಕ್ಕರೆಯೇ ಬೇಕಾಗುತ್ತದೆ ಎಂದು ಯಾವ ಗೋಡೆಯ ಮೇಲೂ ಬರೆದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಚಳ್ಳಕೆರೆಯಲ್ಲಿ ನಮ್ಮವ್ವನ ಕಣ್ಣಿನ ಆಪರೇಷನ್ ಆಯಿತು. ನಾನು ಹೋಗಲೇಬೇಕಿತ್ತು. ಸೀರೆಯನ್ನು ಒಪ್ಪಿಸುವ ದಿನ ಹತ್ತಿರವಿತ್ತು, ಮಗ್ಗ ನಿಲ್ಲಿಸುವಂತಿರಲಿಲ್ಲ. ವದಿನಾ ಬಲತುದಿಗೆ ಕೂರಲು ಬಂದರು. ನಮ್ಮ ಮದುವೆಗೆ ಮುಂಚೆ ಅವರೇ ಕೂರುತ್ತಿದ್ದ ಜಾಗ ಅದು, ಕೈ ಮರೆತಿರಲಿಲ್ಲ. ಹೊರಡುವ ಬೆಳಿಗ್ಗೆ ನನ್ನ ಗಂಡನ ಬೆರಳು ಚುಚ್ಚಿ ನೋಡಿದೆ. ಸ್ವಲ್ಪ ಕಡಿಮೆಯೇ ಇತ್ತು. ಸೂಜಿಯನ್ನು ಮಗ್ಗದ ದಿನದ ಅಳತೆಗೆ ಕೊಟ್ಟು, ಊಟದ ಜೊತೆ ಒಂದು ಬಾಳೆಹಣ್ಣು, ಸಕ್ಕರೆ ಹಾಕಿದ ಅರ್ಧ ಲೋಟ ಟೀ ಕೊಟ್ಟೆ. ವದಿನಾ ಕಣ್ಣು ಬಿಟ್ಟುಕೊಂಡು ನೋಡಿದರು. ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಡಬ್ಬಿ ತೋರಿಸಿದೆ.

"ನಡುಕ ಬಂದ್ರೆ, ಬೆವರು ಬಂದ್ರೆ, ಸಿಡಿಮಿಡಿ ಮಾಡಿದ್ರೆ ಇದನ್ನ ಕೊಡ್ಬೇಕು ವದಿನಾ. ತಡ ಮಾಡ್ಬಾರ್ದು. ಡಾಕ್ಟ್ರೇ ಹೇಳಿರೋದು."

"ಆಯ್ತು ಹೋಗಮ್ಮ, ನಾನೇನು ಅವನ್ನ ಹೊಸದಾಗಿ ಕಾಣ್ತಿದೀನಾ? ಬಸ್ ತಪ್ಪಿಸ್ಕೊಂಬೇಡ."

ಅವತ್ತೇ ಮಧ್ಯಾಹ್ನ ಅವ್ವನ ಕಣ್ಣಿನ ಪಟ್ಟಿ ಬಿಚ್ಚುವಾಗ ನನಗೆ ಫೋನ್ ಬಂತು. ಪಕ್ಕದ ಮನೆಯ ಆ ಗೆಳೆಯ. "ಎಚ್ಚರ ತಪ್ಪವ್ರೆ, ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ, ಬಂದುಬಿಡ್ರಿ" ಎಂದ. ನಾನು ಬಸ್ಸಿನಲ್ಲಿ ಕೂತು, ಸಕ್ಕರೆ ನೋಡಿದ್ರಾ, ಸಕ್ಕರೆ ನೋಡಿದ್ರಾ ಎಂದು ಫೋನಿನಲ್ಲಿ ಕೂಗುತ್ತಿದ್ದೆ. ಪಕ್ಕದಲ್ಲಿ ಕೂತವರು ನನ್ನನ್ನು ಅಂಗಡಿ ಸಾಮಾನು ಕೇಳುವವಳು ಎಂದುಕೊಂಡಿರಬೇಕು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ತಂದಾಗ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅಷ್ಟು ಕೆಳಗಿತ್ತು, ಗ್ಲೂಕೋಸ್ ಏರಿಸಿದೆವು, ತಡವಾಗಿತ್ತು, ಹೃದಯ ತಡೆಯಲಿಲ್ಲ ಎಂದರು. ಆ ಮಾತನ್ನು ಕೇಳಿದವಳು ನಾನೊಬ್ಬಳೇ. ಹೊರಗೆ ವದಿನಾ ನೆಲಕ್ಕೆ ಬಿದ್ದು ಅಳುತ್ತಾ ಬಂದವರಿಗೆಲ್ಲ ಹೇಳುತ್ತಿದ್ದರು: "ಬೆಳಿಗ್ಗೆ ಸಕ್ಕರೆ ಟೀ, ಬಾಳೆಹಣ್ಣು! ನನ್ನ ಕಣ್ಣಾರೆ ನೋಡ್ದೆ. ಬ್ಯಾಡ ಬ್ಯಾಡ ಅಂದೆ."

ಬೇಡ ಎಂದು ಅವರು ಅಂದಿರಲಿಲ್ಲ. ಆದರೆ ಈಗ ಅಂದಿದ್ದರು ಎಂದೇ ಊರಿಗೆಲ್ಲ ಗೊತ್ತು.

ಏನಾಯಿತು ಎಂದು ಕೇಳಿದ್ದಕ್ಕೆ ವದಿನಾ ನನಗೆ ಹೇಳಿದ್ದು ಇಷ್ಟೇ: ಸುಸ್ತು ಅಂದ, ಮಲಗಿದ, ಏಳಲಿಲ್ಲ. ನಾನು ಅದನ್ನು ನಂಬಿದೆ. ನಂಬಿ, ಸತ್ತವರ ಮೇಲೆ ಸಿಟ್ಟಾದೆ. ಅಷ್ಟು ದಿನ ಹೇಳಿಕೊಟ್ಟಿದ್ದೇನೆ, ನಡುಕದ ಮೊದಲ ಗುರುತು ನನಗಿಂತ ಅವರಿಗೇ ಗೊತ್ತಾಗುತ್ತಿತ್ತು. ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತೇ? ಅಕ್ಕನ ಮುಂದೆ ಸಿಹಿ ಕೇಳಲು ನಾಚಿಕೆಯಾಯಿತೇ? ಇನ್ನೊಂದು ಗೇಣು ನೇಯ್ದು ಏಳೋಣ ಎಂದು ಕೂತುಬಿಟ್ಟರೇ? ಅಳು ಬಂದಾಗಲೆಲ್ಲ ಮೊದಲು ಈ ಸಿಟ್ಟು ಬರುತ್ತಿತ್ತು, ಅಳು ಅದರ ಹಿಂದೆಯೇ ನಿಂತುಬಿಡುತ್ತಿತ್ತು. ಫೋಟೋದ ಮುಂದೆ ನಿಂತು ಜಗಳವಾಡಿದ್ದೇನೆ.

ವದಿನಾ ದೇವಸಮುದ್ರಕ್ಕೆ ವಾಪಸ್ಸು ಹೋಗಲಿಲ್ಲ. ಅವರಿಗೂ ಅಲ್ಲಿ ಯಾರಿಲ್ಲ. ಮಗ್ಗ ಮತ್ತೆ ಶುರುವಾಗಬೇಕಿತ್ತು, ಹೊಟ್ಟೆಗೆ ಬೇರೆ ದಾರಿ ಇಲ್ಲ. ಗುಂಡಿಯಲ್ಲಿ ನಾನು ಕೂತೆ, ಬಲತುದಿಯಲ್ಲಿ ಅವರು. ನನ್ನ ಗಂಡನನ್ನು ನಾನೇ ಕೊಂದೆ ಎಂದು ಊರಿಗೆ ಹೇಳಿದವರ ಕೈಯಿಂದ ಲಾಳಿ ಈಸಿಕೊಂಡು, ಮತ್ತೆ ಅವರ ಕೈಗೇ ಕಳಿಸುವ ಕೆಲಸ. ಎರಡು ಬಣ್ಣದ ಸೀರೆಗೆ ಎರಡು ಜನ ಬೇಕೇ ಬೇಕು. ಬೇರೆ ಯಾರೂ ನನಗೆ ಸಿಗಲಿಲ್ಲ, ಅವರಿಗೂ ಸಿಗಲಿಲ್ಲ.

ಒಂದು ಮಧ್ಯಾಹ್ನ ದೇವಸಮುದ್ರದಿಂದ ಅವರ ನೆಂಟಳೊಬ್ಬಳು ಬಂದು ಕೋಣೆಯ ಹೊಸ್ತಿಲ ಆಚೆ ಕೂತಳು. ಅದೂ ಇದೂ ಮಾತಾಡಿ, "ಕೊನೇಗೆ ಏನಾರ ಅಂದ್ನೇನಕ್ಕಾ?" ಎಂದು ಕೇಳಿದಳು.

ವದಿನಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬೆಲ್ಲ ಕೇಳ್ದ ಕಣಮ್ಮ. ಚಿಕ್ಕೋನಾಗಿದ್ದಾಗ ಕೇಳ್ತಿದ್ದಂಗೇ. ಅಕ್ಕಾ, ಒಂಚೂರು ಬೆಲ್ಲ ಕೊಡು, ಸಕ್ಕರೆ ಆದ್ರೂ ಕೊಡು ಅಂತ. ಬೈದ ಕೂಡ ನನ್ನ. ನಾನು ಮನಸ್ಸು ಗಟ್ಟಿ ಮಾಡ್ಕೊಂಡು ಕೊಡ್ಲಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸ್ದೆ. ಮಲಗು ಅಂತ ಚಾಪೆ ಹಾಸ್ದೆ. ಬೀದಿ ಹುಡುಗ್ರು ಗಲಾಟೆ ಮಾಡ್ತಿದ್ವು, ಬೈದು ಓಡಿಸ್ದೆ, ನಿದ್ದೆ ಕೆಡ್ತದೆ ಅಂತ. ಕೊನೇ ಒಂದು ದಿನ ಆದ್ರೂ ಅವನ ಪಥ್ಯ ಕಾಪಾಡ್ದೆ ಅಂತ ಒಂದು ಸಮಾಧಾನ ನೋಡು."

ನಾನು ಗುಂಡಿಯಲ್ಲಿದ್ದೆ. ಲಾಳಿ ನನ್ನ ಕೈಯಲ್ಲಿತ್ತು. ನನ್ನ ಗಂಡ ಕೇಳಿದ್ದರು. ಎರಡೆರಡು ಸಲ ಕೇಳಿದ್ದರು. ಬೈದೂ ಕೇಳಿದ್ದರು. ಇಷ್ಟು ತಿಂಗಳು ನಾನು ಜಗಳವಾಡಿದ್ದು ಸರಿಯಾಗಿ ನಡೆದುಕೊಂಡ ಮನುಷ್ಯನ ಜೊತೆ.

ನೆಂಟಳು ಹೋಗುವವರೆಗೆ ಕಾದೆ.

"ವದಿನಾ, ಅವತ್ತು ಆ ಬೆಲ್ಲ ಕೊಟ್ಟಿದ್ರೆ ಅವರು ಬದುಕ್ತಿದ್ರು."

"ಏನಂದೆ?"

"ಸಕ್ಕರೆ ಇಳಿದು ಹೋಗಿತ್ತು. ಆಸ್ಪತ್ರೇಲಿ ಹೇಳಿದ್ರು. ನಾನು ನಿಮಗೆ ಡಬ್ಬಿ ತೋರಿಸಿ ಹೋಗಿದ್ದೆ."

ಅವರ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. "ನಿನ್ನ ತಪ್ಪು ಮುಚ್ಕೊಳಾಕೆ ನನ್ನ ತಲೆಗೆ ಕಟ್ತೀಯೇನೇ? ಎತ್ತಿ ಆಡಿಸಿದ ಕೈ ಇದು. ನಾನು ಸಾಯಿಸ್ತೀನಾ ಅವನ್ನ? ಹುಚ್ಚು ಹಿಡಿದೈತೆ ನಿಂಗೆ. ಎಲ್ಲಾದ್ರೂ ಉಂಟಾ, ಸಕ್ಕರೆ ಕಾಯಿಲೆಗೆ ಸಕ್ಕರೆ!" ಎದ್ದು ಹಿತ್ತಲಿಗೆ ಹೋದರು. ನಾನು ತಡೆಯಲಿಲ್ಲ. ಇನ್ನೊಂದು ಮಾತು ಮೆತ್ತಗೆ ಹೇಳಬಹುದಿತ್ತು. ಹೇಳುವ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ನಾಳೆ ಗಂಟು ಕಟ್ಟಿಕೊಂಡು ದೇವಸಮುದ್ರದ ಬಸ್ಸು ಹತ್ತುತ್ತಾರೆ ಎಂದುಕೊಂಡಿದ್ದೆ. ಬೆಳಿಗ್ಗೆ ನಾನು ಕೋಣೆಗೆ ಬರುವಷ್ಟರಲ್ಲಿ ತಮ್ಮ ಜಾಗದಲ್ಲಿ ಕೂತು ಅಂಚಿನ ಎಳೆ ಬಿಡಿಸುತ್ತಿದ್ದರು. ನಾನು ಇಳಿದು ಕೂತೆ. ಇಡೀ ದಿನ ಲಾಳಿ ಹೋಯಿತು, ಬಂತು.

ಅದಾದ ಕೆಲವು ವಾರಕ್ಕೆ ಯಜಮಾನರ ಮನೆಯಿಂದ ರೇಷ್ಮೆ ತಂದವನು ಹೊಸಬ. ಸಂಗತಿ ತಿಳಿಯದೆ, "ನೇಯೋರು ಏನಾಗಿ ತೀರ್ಕೊಂಡ್ರು?" ಎಂದು ಕೇಳಿದ. ನಾನು ತಲೆಯೆತ್ತಲಿಲ್ಲ. ಆ ಕಥೆ ಹೇಳುವವರು ಯಾವಾಗಲೂ ವದಿನಾ.

"ಬೆಳಿಗ್ಗೆ..." ಎಂದು ಶುರುಮಾಡಿದರು. ಟೀ, ಬಾಳೆಹಣ್ಣು ಬರುವುದನ್ನು ಕಾಯುತ್ತಾ ನಾನು ಹಲಗೆ ಹಿಡಿದು ಕೂತೆ. ಅವರು ಕೈಯಲ್ಲಿದ್ದ ಎಳೆಗೆ ಕೊಂಡಿ ಹಾಕಿದರು.

"ಮೈಯಲ್ಲಿ ಕಾಯಿಲೆ ಇತ್ತಪ್ಪ," ಎಂದರು. "ಹೋದ."

ಅಷ್ಟೇ. ಹುಡುಕಿದರೂ ಅದರಲ್ಲಿ ನನಗೆ ಸಮಾಧಾನ ಸಿಗಲಿಲ್ಲ. ಆಕೆಗೆ ಅರ್ಥವಾಗಿದೆ ಎಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಆಕೆಗೂ ಗೊತ್ತಾಯಿತು. ಇನ್ನು ಮುಂದೆ ಇಬ್ಬರೂ ಅದನ್ನು ಇಟ್ಟುಕೊಂಡು ಒಂದೇ ಸೀರೆ ನೇಯಬೇಕು.